ಸೋರುವ ಮಾಳಿಗೆಯ ಹಾಡುಚಿತ್ರ

ಕಳೆದ ಮಳೆಗಾಲದಲ್ಲಿ ನಮಗೊಂದು ಹೊಸ ಉದ್ಯೋಗವು ಒದಗಿಬಂದಿತು. ಧಾರವಾಡದಲ್ಲಿ ಪತ್ರಿಕೋದ್ಯಮವನ್ನು ಓದುತ್ತಿರುವ ನಮ್ಮ ತಂಗಿಯ ಮಗಳು ಒಂದು ಸಂಜೆ ಮನೆಗೆ ಬಂದವಳೇ, ತಾವು ಐವರು ಸಹಪಾಠಿಗಳು ಸೇರಿ ಪರೀಕ್ಷೆಯ ಅಂಗವಾಗಿ ಒಂದು ಮ್ಯೂಜಿಕ್ ವೀಡಿಯೋ ತೆಗೆಯಬೇಕಾಗಿದೆಯೆಂದೂ, ಅದಕ್ಕಾಗಿ ಹಳ್ಳಿಗೆ ಹೋಗಬೇಕೆಂದೂ, ಜೊತೆಯಲ್ಲಿ ಹಿರಿಯರೊಬ್ಬರಿಲ್ಲದೆ ಹೋಗಕೂಡದೆಂದು ಎಲ್ಲರ ಮನೆಗಳಲ್ಲಿಯೂ ತಾಕೀತಾಗಿದೆಯೆಂದೂ ಹೇಳಿ, “ಮಾಮಾ, ನಿಮಗೆ ವಯಸ್ಸೂ ಆಗಿದೆ, ಕಾರೂ ಇದೆ” ಎಂದು ಮಾತನ್ನು ಮುಗಿಸಿದಳು. ಈ ಎರಡು ಯೋಗ್ಯತೆಗಳಲ್ಲಿ ಯಾವುದು ಮುಖ್ಯವೆಂಬುದನ್ನು ವಿಚಾರಿಸದೆಯೇ ಒಪ್ಪಿಕೊಂಡೆವು. ಛತ್ರಿ ಹಿಡಿಯುವುದು, ಚಹ ತರಿಸುವುದು, ಸುಮ್ಮನಿರುವುದು, ಇಷ್ಟೇ ನಮ್ಮ ಕೆಲಸವೆಂದು ಮೊದಲೇ ಕರಾರಾಗಿದ್ದಿತು. ಮೂರನೆಯದನ್ನು ನಾವು ಪಾಲಿಸಲಿಲ್ಲ. ಈ ತಿಂಗಳ ಲೇಖನವು ಬಹುಮಟ್ಟಿಗೆ ಆ ತಪ್ಪಿನ ಕಥೆಯೇ ಆಗಿದೆ.

ಮ್ಯೂಜಿಕ್ ವೀಡಿಯೋ ಎಂದರೆ ಒಂದು ಹಾಡು ಮುಗಿಯುವಷ್ಟು ಹೊತ್ತು ಮಾತ್ರ ನಡೆಯುವ ಚಿತ್ರ. ಹಾಡನ್ನು ಮೊದಲು ಮುದ್ರಿಸಿಕೊಂಡು, ಅದನ್ನು ಗಟ್ಟಿಯಾಗಿ ನುಡಿಸುತ್ತ, ಹಾಡುವವನು ಅದಕ್ಕೆ ತುಟಿ ಕೂಡಿಸುವಾಗ ಚಿತ್ರ ತೆಗೆಯುತ್ತಾರೆ. ಈ ಪದ್ಧತಿಗೆ ನಮ್ಮ ದೇಶದಲ್ಲಿ ತೊಂಬತ್ತು ವರ್ಷ ಮೀರಿದ ಇತಿಹಾಸವಿದೆ. ಮೊದಮೊದಲ ವಾಕ್ಚಿತ್ರಗಳಲ್ಲಿ ನಟರು ಕ್ಯಾಮರಾದ ಮುಂದೆ ನಿಂತು ತಾವೇ ಹಾಡಬೇಕಾಗಿದ್ದಿತು. ಪಕ್ಕವಾದ್ಯದವರು ಮರದ ಮರೆಯಲ್ಲಿಯೋ ಪರದೆಯ ಹಿಂದೆಯೋ ಅಡಗಿ ಕುಳಿತು ನುಡಿಸುತ್ತಿದ್ದರು. ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನಾ’ ತೆರೆಗೆ ಬಂದ ೧೯೩೪ರ ಕಾಲವು ಅಂಥದು. ಮರುವರ್ಷ ಕಲಕತ್ತೆಯಲ್ಲಿ ನಿತಿನ್ ಬೋಸರು ‘ಭಾಗ್ಯಚಕ್ರ’ ಎಂಬ ವಂಗಚಿತ್ರದಲ್ಲಿ ಹಾಡನ್ನು ಮೊದಲೇ ಮುದ್ರಿಸಿ ತುಟಿಯನ್ನು ಆಮೇಲೆ ಕೂಡಿಸುವ ಕ್ರಮವನ್ನು ಬಳಕೆಗೆ ತಂದರು. ಅಮೆರಿಕೆಯಲ್ಲಿ ಹಾಡುಚಿತ್ರಗಳಿಗಾಗಿಯೇ ಎಂ.ಟಿ.ವಿ. ಎಂಬ ವಾಹಿನಿಯು ಹುಟ್ಟಿದುದು ೧೯೮೧ರ ಆಗಸ್ಟ್ ೧ರಂದು. ನಮ್ಮ ವಯಸ್ಸಿನವರಿಗೆ ಮಾತ್ರ ಹಾಡುಚಿತ್ರವೆಂದೊಡನೆ ನೆನಪಾಗುವುದು ೧೯೮೮ರ ಸ್ವಾತಂತ್ರ್ಯದಿನದಂದು ದೂರದರ್ಶನದಲ್ಲಿ ಬಂದ ಆ ಬಹುಭಾಷೆಯ ಗೀತ. ಜಲಪಾತದ ಬಳಿ ನಿಂತು ಅದನ್ನು ಆರಂಭಿಸುತ್ತಿದ್ದ ಪಂಡಿತ ಭೀಮಸೇನ ಜೋಶಿಯವರು ನಮ್ಮ ಗದಗಿನ ಸೀಮೆಯವರೆಂಬ ಹೆಮ್ಮೆಯಿಂದಲೇ ನಮ್ಮ ಮನೆಯಲ್ಲಿ ಟೆಲಿವಿಷನ್ನಿನ ಮುಂದೆ ಜನ ಸೇರುತ್ತಿದ್ದರು. ಅದಿರಲಿ.

ಹುಡುಗರಿಗೆ ಎದುರಾದ ಮೊದಲನೆಯ ತೊಡಕು ಹಾಡಿನದು. ಸಿನಿಮಾದ ಹಾಡನ್ನು ಎತ್ತಿಕೊಂಡರೆ ಹಕ್ಕುದಾರರು ಸುಮ್ಮನಿರುವುದಿಲ್ಲ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕವಿಯ ಹಕ್ಕು ಆತನ ಮರಣಾನಂತರವೂ ೬೦ ವರ್ಷ ನಡೆಯುತ್ತದೆ. ೧೯೮೧ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳು ೨೦೪೧ನೆಯ ಇಸವಿ ಮುಗಿಯುವವರೆಗೆ ಅವರ ವಾರಸುದಾರರ ಸೊತ್ತು. ಕೊನೆಗೆ ಶಿಶುನಾಳದ ಶರೀಫ ಸಾಹೇಬರಿಗೆ ಶರಣು ಹೋದರು. ಸಾಹೇಬರು ಕಾಲವಾದುದು ೧೮೮೯ರಲ್ಲಿ. ಅವರ ಪದಗಳು ಎಲ್ಲರವು. ಆದರೆ ಇಲ್ಲಿಯೂ ಒಂದು ಗಂಟು. ಇಂದು ಊರೂರಿಗೆ ತಿಳಿದಿರುವ ಧಾಟಿಗಳಲ್ಲಿ ಎಷ್ಟೋ ಸಿ. ಅಶ್ವತ್ಥರು ಕೂಡಿಸಿದವು, ೧೯೯೦ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಧ್ವನಿಮುದ್ರಣಕ್ಕೂ ಹಕ್ಕಿದೆ. ಪದವು ಸ್ವತಂತ್ರ, ಧಾಟಿಯು ಪರಾಧೀನ! ಇವರ ಪುಣ್ಯಕ್ಕೆ ಐವರಲ್ಲಿ ಒಬ್ಬ ಹುಡುಗನು ನವಲಗುಂದದ ಕಡೆಯವನು. ಅವನ ಊರಿನ ಭಜನಾಮೇಳದಲ್ಲಿ ತಲೆಮಾರಿನಿಂದ ಹಾಡಿಕೊಂಡು ಬಂದ ಬೇರೊಂದು ಧಾಟಿಯಿದ್ದಿತು. ಮನೆಯ ಮಾಳಿಗೆ ಸೋರುವುದನ್ನು ಕುರಿತ ಪದವನ್ನೇ ಆರಿಸಿಕೊಂಡರು. ನಮ್ಮ ಹಿತ್ತಿಲ ಕೋಣೆಯಲ್ಲಿ ಹಗ್ಗ ಕಟ್ಟಿ, ನಾಲ್ಕು ಕಡೆಗೂ ಕೌದಿಗಳನ್ನು ಇಳಿಬಿಟ್ಟು, ಗೋಡೆಯಿಂದ ದನಿ ಮಾರ್ದನಿಯಾಗದಂತೆ ಮಾಡಿ ಹಾಡನ್ನು ಮುದ್ರಿಸಿದರು. ಏಕತಾರಿ, ದಮ್ಮಡಿ, ತಾಳ. ಗಡಿಯಾರದಂತೆ ಸಮನಾಗಿ ಬಡಿಯುವ ಯಂತ್ರದ ಸದ್ದನ್ನು ಕಿವಿಗೆ ಹಚ್ಚಿಕೊಂಡು ಹಾಡೆಂದು ಮಿಕ್ಕವರು ಹೇಳಿದರೆ ಭಜನೆಯ ಹುಡುಗನು ಒಪ್ಪಲಿಲ್ಲ. “ಭಜನಿ ಅಂದ್ರ ಕಡೀಕ ಏರಬೇಕು, ಅದು ಏರಲಿಲ್ಲಂದ್ರ ನಿದ್ದಿ ಬರತದ” ಎಂದನು. ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿನ ಆ ಹಾಡು ಮಿನಿಟಿಗೆ ೮೦ ಪೆಟ್ಟಿನಂತೆ ಮೊದಲಾಗಿ ಕೊನೆಯ ನುಡಿಗೆ ೯೬ಕ್ಕೆ ಏರಿದ್ದಿತು. ಈ ಏರಿಕೆಯಿಂದ ಮುಂದೆ ಸಂಕಲನಕಾಲದಲ್ಲಿ ಆದ ತೊಂದರೆಯನ್ನು ಆಮೇಲೆ ಹೇಳುವೆವು.

ಹಾಡು ಸಿದ್ಧವಾದ ಮೇಲೆ ಹುಡುಗನ ಊರಿಗೆ ಹೊರಟೆವು. ಎರೆಭೂಮಿ, ಮಳೆ ಹಿಡಿದರೆ ಕಾಲಿಗೆ ಮಣ್ಣು ಸೇರುಗಟ್ಟಲೆ ಹತ್ತುತ್ತದೆ. ಮೊದಲ ದಿನದ ಕೆಲಸ ಹೊಲದಲ್ಲಿ: ಹುಡುಗನು ದೂರದ ಬದುವಿನಿಂದ ಹಾಡುತ್ತ ಕ್ಯಾಮರಾದ ಕಡೆಗೆ ನಡೆದು ಬರಬೇಕು. ಕ್ಯಾಮರಾ ಎಂದರೆ ಒಂದು ಫೋನು, ಮೂರು ಕಾಲಿನ ಕೋಲಿನ ಮೇಲೆ. ಹಾಡನ್ನು ನುಡಿಸುವ ಪೆಟ್ಟಿಗೆಯು ನೆನೆದೀತೆಂದು ನಾವು ಅದನ್ನು ತಂದು ಕ್ಯಾಮರಾದ ಪಕ್ಕದಲ್ಲಿಯೇ, ನಮ್ಮ ಛತ್ರಿಯ ಕೆಳಗೆ, ಜೋಪಾನವಾಗಿ ಇಟ್ಟುಕೊಂಡೆವು. ಎಲ್ಲವೂ ಚೆನ್ನಾಗಿ ಆಯಿತೆಂದು ತಿಳಿದಿದ್ದೆವು. ಧಾರವಾಡಕ್ಕೆ ಬಂದು ನೋಡಿದರೆ ಹುಡುಗನ ತುಟಿ ಹಾಡಿನ ಹಿಂದೆ ಬೀಳುತ್ತಿದ್ದಿತು. ಕಾರಣವು ಶಾಲೆಯ ಪುಸ್ತಕದಲ್ಲಿಯೇ ಇದೆ. ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರು ಹೋಗತಕ್ಕುದು. ಹುಡುಗನು ನಿಂತಿದ್ದುದು ಹತ್ತಿರ ಹತ್ತಿರ ೭೦ ಮೀಟರಿನ ಆಚೆ. ಹಾಡು ಅವನ ಕಿವಿಯನ್ನು ಮುಟ್ಟುವಷ್ಟರಲ್ಲಿ ಸೆಕೆಂಡಿನ ಐದರಲ್ಲೊಂದು ಪಾಲು ಕಳೆದಿರುತ್ತಿತ್ತು. ಸೆಕೆಂಡಿಗೆ ೨೪ ಬಿಂಬಗಳಂತೆ ತೆಗೆದ ಚಿತ್ರದಲ್ಲಿ ಅದು ಐದು ಬಿಂಬಗಳ ಅಂತರ. ಅಷ್ಟೇ ಆಗಿದ್ದರೆ ಚಿತ್ರವನ್ನೆಲ್ಲ ಐದು ಬಿಂಬ ಮುಂದಕ್ಕೆ ಸರಿಸಿಬಿಡಬಹುದಾಗಿದ್ದಿತು. ಆದರೆ ಅವನು ನಡೆಯುತ್ತ ಹತ್ತಿರ ಬರುತ್ತಾನಲ್ಲವೆ! ಬಂದ ಹಾಗೆಲ್ಲ ತಪ್ಪು ಕಿರಿದಾಗುತ್ತ ಬಂದು ನಮ್ಮ ಛತ್ರಿಯ ಬಳಿ ಇಲ್ಲವೇ ಆಗುತ್ತದೆ. ಒಂದು ಅಳತೆಯಿಂದ ತಿದ್ದಲಾಗದ ತಪ್ಪು. ನಮ್ಮ ತಂಗಿಯ ಮಗಳು ಆ ನಡಿಗೆಯನ್ನು ಮೂರು ತುಂಡು ಮಾಡಿ, ಒಂದನ್ನು ಐದು, ಒಂದನ್ನು ಮೂರು, ಒಂದನ್ನು ಒಂದು ಬಿಂಬದಷ್ಟು ಮುಂದಕ್ಕೆಳೆದು, ನಡುವಿನ ಗಾಯಗಳು ಕಾಣದಂತೆ ಎರಡು ಸಲ ಒಂದು ಎಮ್ಮೆಯನ್ನು ತೋರಿಸಿದ್ದಾಳೆ. ಚಿತ್ರವನ್ನು ನೋಡಿದವರು ಆ ಎಮ್ಮೆಗೆ ಏನೇನೋ ತತ್ತ್ವಾರ್ಥವನ್ನು ಹೇಳಿದರು.

ಎರಡನೆಯ ದಿನ ಮಾಳಿಗೆ. ಈ ಸೀಮೆಯ ಹಳೆಯ ಮನೆಗಳಿಗೆ ತೊಲೆಜಂತಿಗಳ ಮೇಲೆ ಮಣ್ಣಿನ ಮೇಲ್ಮುದ್ದೆ ಇರುವುದು ವಾಚಕರಲ್ಲಿ ಅನೇಕರಿಗೆ ಗೊತ್ತು. ಮಳೆಗೆ ಮುಂಚೆ ಪ್ರತಿವರ್ಷವೂ ಮೇಲೆ ಹತ್ತಿ ಹೊಸ ಮಣ್ಣು ಹಾಕಿ ಗಟ್ಟಿಸಿದರೆ ಸೋರುವುದಿಲ್ಲ. ಒಂದು ವರ್ಷ ಬಿಟ್ಟರೆ ಸೋರುತ್ತದೆ. ಭಜನೆಯ ಹುಡುಗನ ಮನೆಗೆ ಸಿಮೆಂಟಿನ ಸ್ಲ್ಯಾಬು ಬಿದ್ದು ನಾಲ್ಕು ವರ್ಷಗಳಾಗಿದ್ದುದರಿಂದ ಅದು ನಮಗೆ ನಿರುಪಯೋಗವಾಯಿತು. ಸೋರುವ ಮನೆ ಯಾವುದೆಂದು ಓಣಿಯಲ್ಲಿ ಕೇಳುತ್ತ ಹೋದೆವು. ಆರು ಜನ, ಛತ್ರಿ ಹಿಡಿದು, “ಇಲ್ಲಿ ಯಾರ ಮನಿ ಸೋರತದರೀ” ಎಂದು ಕೇಳುತ್ತ ಹೋದುದನ್ನು ಈಗ ನೆನೆದರೆ ಮೈ ಕಿರಿದಾಗುತ್ತದೆ. ಆಗ ಏನೂ ಅನಿಸಲಿಲ್ಲ.

ಓಣಿಯ ಕೊನೆಯ ಮನೆಯ ಅಜ್ಜಿಯು ಬಾಗಿಲು ತೆರೆದಳು. ಒಬ್ಬಳೇ ಇರುತ್ತಾಳೆ. ಮಗನು ಗೋವೆಯಲ್ಲಿ ಕಟ್ಟಡಗಳಿಗೆ ಸ್ಲ್ಯಾಬು ಹಾಕುವ ಕೆಲಸಕ್ಕೆ ಹೋಗಿ, ಬೇಸಗೆಯಲ್ಲಿ ರಜೆ ಸಿಕ್ಕದೆ, ಈ ವರ್ಷ ಮಣ್ಣು ಹಾಕಲು ಬಂದಿರಲಿಲ್ಲ. ಶರೀಫ ಸಾಹೇಬರ ಪದವೆಂದ ಮೇಲೆ ಅವಳಿಗೆ ಬೇರೆ ಮಾತೇ ಬೇಡವಾಯಿತು. “ತೆಗೀರಿ, ದೇವರ ಕ್ವಾಣಿ ಚಂದಂಗ ತೆಗೀರಿ” ಎಂದು ಒಳಗೆ ಹೋದವಳು ಹೊರಗೆ ಬಂದಾಗ ಹೆಸರುಕಾಳಿನ ಬಣ್ಣದ ಇಳಕಲ್ ಸೀರೆಯುಟ್ಟಿದ್ದಳು; ಹಣೆಗೆ ವಿಭೂತಿ ಹಚ್ಚಿದ್ದಳು. ಹುಡುಗಿಯರು ಒಬ್ಬರ ಮುಖವನ್ನೊಬ್ಬರು ನೋಡಿದರು. ಸೋರುವ ಮನೆಗೆ ಅಷ್ಟು ಒಳ್ಳೆಯ ಸೀರೆಯು ಹೊಂದುವುದಿಲ್ಲವೆಂದು ಬಾಯಿಬಿಟ್ಟು ಹೇಳಿದವರು ಯಾರೆಂದರೆ, ಸುಮ್ಮನಿರಬೇಕೆಂದು ಕರಾರು ಮಾಡಿಕೊಂಡಿದ್ದ ನಾವು. ಅಜ್ಜಿಯು ಏನೂ ಅನ್ನದೆ ಒಳಗೆ ಹೋಗಿ ಮೊದಲಿನ ಹಳೆಯ ಸೀರೆಯನ್ನೇ ಉಟ್ಟುಕೊಂಡು ಬಂದಳು.

ಬೀಳುವ ಹನಿಯನ್ನು ಚಿತ್ರದಲ್ಲಿ ಹಿಡಿಯುವುದು ಸುಲಭವಲ್ಲವೆಂದು ಅಂದು ಕಲಿತೆವು. ಎದುರಿನಿಂದ ಬೆಳಕು ಬಿದ್ದರೆ ಹನಿಯು ಕಾಣುವುದೇ ಇಲ್ಲ. ಬೆಳಕು ಅದರ ಬೆನ್ನಿಗೆ ಬೀಳಬೇಕು, ಅದರಾಚೆ ಕತ್ತಲೆಯಿರಬೇಕು. ಗೋಡೆಗೆ ಕರಿಯ ಕಂಬಳಿಯನ್ನು ತೂಗುಹಾಕಿ, ಪಕ್ಕದ ಕಂಬದ ಮರೆಯಿಂದ ಬ್ಯಾಟರಿ ಹಿಡಿದ ಮೇಲೆ ಪ್ರತಿಯೊಂದು ಹನಿಯೂ ಮುತ್ತಿನಂತೆ ಇಳಿಯುವುದು ಕಾಣಿಸಿತು. ಆ ಹಗಲೆಲ್ಲ ಹನಿಯನ್ನೂ ಅಜ್ಜಿಯನ್ನೂ ತೆಗೆದರು. ಎರಡು ದಿನಗಳಲ್ಲಿ ಒಟ್ಟು ಮೂರು ಗಂಟೆಗೂ ಮೇಲ್ಪಟ್ಟ ಚಿತ್ರವು ಕೂಡಿತು. ನಾಲ್ಕು ನಿಮಿಷದ ಹಾಡಿಗೆ!

ಸಂಕಲನವು ನಮ್ಮ ಮನೆಯಲ್ಲಿಯೇ ನಡೆಯಿತು. ಹಿಂದೆ ಫಿಲ್ಮನ್ನು ಕತ್ತರಿಯಿಂದ ಕತ್ತರಿಸಿ ಅಂಟಿಸುತ್ತಿದ್ದ ಕಾಲದಲ್ಲಿ ಒಂದು ತಪ್ಪು ಕತ್ತರಿಗೆ ಬೆಲೆಯಿದ್ದಿತು. ಈಗ ಲ್ಯಾಪ್‌ಟಾಪಿನಲ್ಲಿ ಕತ್ತರಿಸಿದುದನ್ನು ಕ್ಷಣದಲ್ಲಿ ಮರಳಿ ಕೂಡಿಸಬಹುದು. ಇದರಿಂದ ಕೆಲಸವು ಹಗುರಾಯಿತೆಂದು ತಿಳಿದರೆ ತಪ್ಪು. ಕಳೆದುಕೊಳ್ಳುವ ಭಯವಿಲ್ಲದವರಿಗೆ ತೀರ್ಮಾನಿಸುವ ಅವಸರವೂ ಇರುವುದಿಲ್ಲ. ಐವರೂ ರಾತ್ರಿ ಎರಡರವರೆಗೆ ವಾದಿಸುತ್ತಿದ್ದರು. ತಾಳದ ಪೆಟ್ಟಿಗೆ ಸರಿಯಾಗಿ ಹನಿಯು ಕೊಡದಲ್ಲಿ ಬೀಳಬೇಕೆಂಬುದು ಅವರ ಹಂಬಲ. ಮಿನಿಟಿಗೆ ೮೦ ಪೆಟ್ಟಾದರೆ ಒಂದು ಪೆಟ್ಟಿಗೆ ೧೮ ಬಿಂಬಗಳು. ಲೆಕ್ಕವು ಚೊಕ್ಕವಾಗಿ ಕೂಡಿತು. ಆದರೆ ಭಜನೆಯು ಏರುತ್ತದಲ್ಲ! ೯೬ಕ್ಕೆ ಬಂದಾಗ ಒಂದು ಪೆಟ್ಟಿಗೆ ೧೫ ಬಿಂಬ. ನಡುವಿನಲ್ಲಿ ಹೆಚ್ಚಿನವು ಮುಕ್ಕಾದ ಸಂಖ್ಯೆಗಳೇ. ಅಲ್ಲಿ ಲೆಕ್ಕವನ್ನು ಬಿಟ್ಟು ಕಣ್ಣು ಮುಚ್ಚಿ ಕಿವಿಯಿಂದ ಕತ್ತರಿಸಬೇಕಾಯಿತು. ಕಿವಿಯಿಂದ ಕತ್ತರಿಸಿದ ಭಾಗವೇ ಚಿತ್ರದಲ್ಲಿ ಜೀವಂತವಾಗಿದೆಯೆಂದು ನಮಗೆ ತೋರುತ್ತದೆ. ಪ್ರತಿಯೊಂದು ಪೆಟ್ಟಿಗೂ ಕತ್ತರಿಸಿದ ಆರಂಭವು ಸೈನಿಕರ ಕವಾಯತಿನಂತಿದೆ.

ಮೊದಲನೆಯ ಕರಡು ಸಿದ್ಧವಾದ ರಾತ್ರಿ ನಮ್ಮ ಮನೆಯವರನ್ನೆಲ್ಲ ಕೂಡಿಸಿ ತೋರಿಸಿದರು. ಮೂರನೆಯ ನುಡಿಯಲ್ಲಿ ಜಂತಿಯ ಸಂದಿನಿಂದ ಹನಿ ಇಳಿಯುತ್ತದೆ. ಆ ಬಳಿಕ ಅಜ್ಜಿಯ ಮುಖ. ಹಳೆಯ ಸೀರೆ, ಮೇಲಕ್ಕೆತ್ತಿದ ಕಣ್ಣು, ಬಿಗಿದ ತುಟಿ, ಒಂದು ಬಗೆಯ ಆತಂಕ. ನಮ್ಮ ಕಣ್ಣು ಒದ್ದೆಯಾಯಿತೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಇಡೀ ಚಿತ್ರಕ್ಕೆ ಆ ಮುಖವೇ ಕಳಸವೆಂದು ಹೊಗಳಿದೆವು. ಆಗ ಭಜನೆಯ ಹುಡುಗನು ಮೆಲ್ಲಗೆ, “ಅಜ್ಜಿ ಆವಾಗ ಸೋರೂದು ನೋಡಾಕ್ಹತ್ತಿರಲಿಲ್ರೀ. ನಾ ಸ್ಟೂಲಿನ ಮ್ಯಾಲ ನಿಂತು ಬ್ಯಾಟರಿ ಹಿಡಿದಿದ್ನಿ. ನನ್ನ ಮೊಣಕೈ ನೆಲುವಿನ ಮೊಸರಿನ ಗಡಿಗಿಗೆ ಬಡೀತದಂತ ಆಕಿ ಅಂಜಿದ್ಲು” ಎಂದನು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಆ ಮೌನವನ್ನು ಸಹಿಸದೆ ನಾವು ಪಾಂಡಿತ್ಯವನ್ನು ತೆರೆದೆವು. ರಷ್ಯಾದೇಶದ ಲೆವ್ ಕುಲೆಶೋವ್ ಎಂಬವರು ೧೯೨೦ರ ಸುಮಾರಿಗೆ ಮಾಡಿದರೆಂದು ಚಲಚ್ಚಿತ್ರದ ಗ್ರಂಥಗಳಲ್ಲಿ ಹೇಳುವ ಒಂದು ಪ್ರಯೋಗವಿದೆ: ಒಬ್ಬ ನಟನ ಭಾವವಿಲ್ಲದ ಮುಖದ ಒಂದೇ ತುಣುಕನ್ನು ಒಮ್ಮೆ ಊಟದ ತಟ್ಟೆಯ ಜೊತೆಗೂ ಒಮ್ಮೆ ಶವಪೆಟ್ಟಿಗೆಯ ಜೊತೆಗೂ ಜೋಡಿಸಿದಾಗ, ನೋಡಿದವರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರಂತೆ. ಚಿತ್ರಕಲೆಯೆಂದರೆ ಇದೇ, ಗಡಿಗೆಯನ್ನು ನೋಡಿದ ಮುಖವನ್ನು ಮಾಳಿಗೆಯ ಜೊತೆ ಕೂಡಿಸುವುದು ಸುಳ್ಳಲ್ಲ, ಕಲೆ, ಎಂದು ವಾದಿಸಿದೆವು. ಇಬ್ಬರು ಹುಡುಗರು ನಮ್ಮ ಪಕ್ಷ ಹಿಡಿದರು. ಅಂಕಗಳ ಆಸೆಯೂ ಇದ್ದಿತು.

ನಮ್ಮ ತಂಗಿಯ ಮಗಳು ಕೇಳಿದುದು ಒಂದೇ ಮಾತು. “ಮಾಮಾ, ಆ ನಟನಿಗೆ ಸಂಬಳ ಕೊಟ್ಟಿದ್ದರು, ತಾನು ನಟಿಸುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು. ಅಜ್ಜಿಗೆ ಏನು ಗೊತ್ತಿತ್ತು?” ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಜ್ಜಿಗೆ ತೋರಿಸದೆ ಮುಂದುವರಿಯಲಾರೆನೆಂದು ಅವಳು ಹಟ ಹಿಡಿದಳು. ಭಾನುವಾರ ಮತ್ತೆ ಕಾರು ಹೊರಟಿತು.

ಅಜ್ಜಿಯು ಕಟ್ಟೆಯ ಮೇಲೆ ಕುಳಿತು ಎರಡು ಸಲ ನೋಡಿದಳು. ಮೊದಲನೆಯ ಸಲ ತಾಳಕ್ಕೆ ತಲೆದೂಗಿದಳು, ಎಮ್ಮೆಯು ಯಾರ ಮನೆಯದೆಂದು ಗುರುತಿಸಿದಳು. ಎರಡನೆಯ ಸಲ ತನ್ನ ಮುಖವು ಬಂದಾಗ ಕೈಯೆತ್ತಿ ನಿಲ್ಲಿಸೆಂದಳು. “ಇದ್ಯಾಕ ನನ್ನ ಹಿಂಗ ಮಾಡೀರಿ? ನಾ ಅತ್ತಿಲ್ಲ. ಮಾಳಿಗಿ ಸೋರಿದ್ರ ಅಳಾಕ ನಾ ನಿನ್ನೆ ಮೊನ್ನೆ ಬಂದಾಕೀನ? ಮಗಾ ನೋಡಿದ್ರ ಅಲ್ಲಿ ಉಣ್ಣೂದು ಬಿಡತಾನ.” ಸ್ವಲ್ಪ ಹೊತ್ತು ಬಿಟ್ಟು, ಯಾರನ್ನೂ ನೋಡದೆ, “ಸೀರಿ ಉಟಗೊಂಡು ಬಂದಿದ್ನಿ” ಎಂದಳು.

ಆ ಮಾತು ಯಾರಿಗೆಂದು ನಮಗೆ ತಿಳಿಯದೆ ಇರಲಿಲ್ಲ. ತಪ್ಪಾಯಿತೆಂದು ಹೇಳಿದೆವು. ಅಜ್ಜಿಯು ಅದಕ್ಕೆ ಚಹ ಕುಡಿಯಿರೆಂದಳು.

ಮರಳಿ ಬಂದ ಮೇಲೆ ಮೂರು ಗಂಟೆಯ ಚಿತ್ರವನ್ನೆಲ್ಲ ಮೊದಲಿನಿಂದ ನೋಡುವುದಾಯಿತು. ಬೇಡವೆಂದು ಬಿಟ್ಟ ತುಣುಕುಗಳಲ್ಲಿ ಒಂದು ಸಿಕ್ಕಿತು. ಅಜ್ಜಿಯು ಇಳಕಲ್ ಸೀರೆಯುಟ್ಟು ಹೊರಬಂದಾಗ ಕ್ಯಾಮರಾದ ಹುಡುಗನು ಬೆಳಕನ್ನು ಪರೀಕ್ಷಿಸಲೆಂದು ಅದನ್ನು ಓಡಿಸಿ ನಿಲ್ಲಿಸುವುದನ್ನು ಮರೆತಿದ್ದನು. ಬೆಳಕಿಂಡಿಯ ಬೆಳಕು ಸೀರೆಯ ಸೆರಗಿನ ಮೇಲೆ ಬಿದ್ದಿದೆ. ಚಿತ್ರವು ಸ್ವಲ್ಪ ಓರೆ. ತನ್ನನ್ನು ತೆಗೆಯುತ್ತಿದ್ದಾರೆಂದು ತಿಳಿಯದೆ ಅವಳು ಸೋರುವ ಸ್ಥಳಗಳಿಗೆ ಪಾತ್ರೆಗಳನ್ನು ಹಂಚುತ್ತಿದ್ದಾಳೆ: ತಟತಟನೆ ಬೀಳುವಲ್ಲಿ ತಾಮ್ರದ ಕೊಡ, ತಡೆದು ಬೀಳುವಲ್ಲಿ ಗಂಗಾಳ, ಮೂಲೆಯಲ್ಲಿ ಮಣ್ಣಿನ ಹರವಿ. ಮೇಲಕ್ಕೆ ನೋಡದೆಯೇ, ಸದ್ದಿನಿಂದಲೇ, ಪಂಕ್ತಿಗೆ ಎಲೆ ಹಾಕುವವಳಂತೆ ಇಡುತ್ತಾಳೆ. ಒಂದು ಗಂಗಾಳವನ್ನು ಕಾಲಿನಿಂದ ನಾಲ್ಕು ಬೆರಳು ಸರಿಸಿ ಸರಿಮಾಡುತ್ತಾಳೆ. ಇಪ್ಪತ್ತಾರು ಸೆಕೆಂಡು. ಮೂರನೆಯ ನುಡಿಯಲ್ಲಿ ಅದನ್ನು ಎಲ್ಲಿಯೂ ಕತ್ತರಿಸದೆ ಇಡಿಯಾಗಿ ಇಟ್ಟರು. ಹನಿಗಳು ತಾಳಕ್ಕೆ ಕೂಡುವುದಿಲ್ಲ, ಕೂಡಿಸಲು ಯತ್ನಿಸಲೂ ಇಲ್ಲ. ಆ ಬಿಗಿದ ತುಟಿಯ ಮುಖವನ್ನು ತೆಗೆದುಹಾಕಿದರು. ದೇವರ ಕೋಣೆಯು ಕೊನೆಯ ನುಡಿಯಲ್ಲಿ ಬರುತ್ತದೆ, ಚಂದಾಗಿಯೇ ಬಂದಿದೆ.

ಚಿತ್ರಕ್ಕೆ ನೂರಕ್ಕೆ ಎಪ್ಪತ್ತೊಂದು ಅಂಕಗಳು ಬಂದವು. ಬಡತನದ ಕಷ್ಟವು ಸಾಕಷ್ಟು ಮನಸ್ಸಿಗೆ ತಟ್ಟುವುದಿಲ್ಲವೆಂದು ಪರೀಕ್ಷಕರು ಬರೆದಿದ್ದರಂತೆ. ಹುಡುಗರಲ್ಲಿ ಇಬ್ಬರಿಗೆ ಇದರಿಂದ ಬೇಸರವಾಯಿತು, ಆ ಬೇಸರವು ಇನ್ನೂ ಪೂರ್ತಿಯಾಗಿ ಹೋಗಿಲ್ಲ. ನಮ್ಮ ಮನೆಗೆ ಬಂದಾಗ ಆ ಮುಖದ ಮಾತೆತ್ತುತ್ತಾರೆ. ಅದು ಒಳ್ಳೆಯ ತುಣುಕಾಗಿದ್ದಿತೆಂಬುದನ್ನು ನಾವೂ ಅಲ್ಲಗಳೆಯಲಾರೆವು.

ಅಜ್ಜಿಯ ಮಗನಿಗೆ ಒಂದು ಪ್ರತಿಯನ್ನು ಫೋನಿನಲ್ಲಿ ಕಳುಹಿಸುವುದೆಂದು ಗೊತ್ತಾಗಿದ್ದಿತು. ಹೋದ ವಾರ ಭಜನೆಯ ಹುಡುಗನ ಮೂಲಕ ಅಜ್ಜಿಯ ಹೇಳಿಕೆ ಬಂದಿದೆ. ಆ ತಾಮ್ರದ ಕೊಡವನ್ನು ಮಗಳಿಗೆ ಕೊಟ್ಟುಬಿಟ್ಟೆನೆಂದು ಅವಳು ಮಗನಿಗೆ ಎರಡು ವರ್ಷದ ಹಿಂದೆಯೇ ಹೇಳಿದ್ದಾಳಂತೆ. ಆದಕಾರಣ ಅವನಿಗೆ ಹೋಗುವ ಪ್ರತಿಯಲ್ಲಿ ಕೊಡವು ಕಾಣಕೂಡದು. ಕತ್ತರಿಸದೆ ಇಟ್ಟ ಆ ಇಪ್ಪತ್ತಾರು ಸೆಕೆಂಡಿನ ನಟ್ಟನಡುವೆ ಕೊಡವು ಕುಳಿತಿದೆ. ನಮ್ಮ ತಂಗಿಯ ಮಗಳು ಎರಡು ರಾತ್ರಿಯಿಂದ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದಾಳೆ; ಎಮ್ಮೆಯ ಇನ್ನೊಂದು ತುಣುಕು ಉಳಿದಿದೆಯೇ ಎಂದು ಹುಡುಕುತ್ತಿದ್ದಾಳೆ.